ನುಗ್ಗೆಮರ ತನ್ನ ಗಟ್ಟಿತನ ಬಿಟ್ಟುಕೊಟ್ಟದ್ದು

ಭೂಮಿ ಆಗ ಹೊಸದು. ಎಷ್ಟು ಹೊಸದೆಂದರೆ, ಬೆಟ್ಟಗಳಿನ್ನೂ ಹಸಿ. ಒರಗಿ ಕೂತರೆ ಬೆನ್ನಿಗೆ ಮಣ್ಣು ಮೆತ್ತುತ್ತಿತ್ತು. ಸುಳ್ಳೆನ್ನುವವರು ಬೆಟ್ಟವನ್ನೇ ಕೇಳಿ ನೋಡಲಿ.

ನುಗ್ಗೆಮರದ ಕೊಂಬೆ ಆಗ ಕಬ್ಬಿಣಕ್ಕಿಂತ ಗಟ್ಟಿ. ಜಗ್ಗಲು ಬಂದ ಏಳು ಆನೆಗಳು ಸೊಂಡಿಲು ಉಳುಕಿಸಿಕೊಂಡು ಹೋಗಿದ್ದವು.

ಆ ಮರದ ಪಕ್ಕದ ಗುಡಿಸಲಲ್ಲಿ ಸಣ್ಣೀರವ್ವನ ಮಗಳು ಮಾಳಿ ಹೆತ್ತಿದ್ದಳು. ಬಾಣಂತಿಗೆ ಸೊಪ್ಪು ತಿನ್ನಿಸಿದರೆ ಶೀತ ಎಂದು ಸಣ್ಣೀರವ್ವ ಒಂಬತ್ತು ದಿನದಿಂದ ಅನ್ನ, ಮೆಣಸಿನ ಸಾರು, ಮತ್ತೆ ಅನ್ನ, ಮತ್ತೆ ಮೆಣಸಿನ ಸಾರು ಬಡಿಸುತ್ತಿದ್ದಳು. ಮಾಳಿಯ ಮುಖ ಬಿಳಿಚಿತು. ಎದೆಹಾಲು ಇಂಗಿತು.

ಹಿತ್ತಿಲ ಹಸು ತಡೆಯಲಾರದೆ ಬಾಯಿಬಿಟ್ಟಿತು. "ಸಣ್ಣೀರವ್ವಾ, ದಿನವಿಡೀ ಸೊಪ್ಪು ಮೇಯುವ ನನಗೆ ಯಾವ ಶೀತ ಬಂತು? ಕೆಚ್ಚಲು ನೋಡು! ಮಗಳಿಗೆ ಒಂದು ಹಿಡಿ ನುಗ್ಗೆಸೊಪ್ಪು ಹಾಕು."

ಅಜ್ಜಿ ಮರದ ಬಳಿಗೆ ಓಡಿದಳು. ಕೋಲು ಎಸೆದಳು. ದೋಟಿ ಹಾಕಿ ಎಳೆದಳು. ದೋಟಿಯೇ ಮುರಿಯಿತು.

"ಅಜ್ಜೀ, ಆನೆಗೇ ಬಗ್ಗದವನು ನಾನು. ನಿನ್ನ ಕಡ್ಡಿಗೆ ಬಗ್ಗುತ್ತೇನೆಯೇ?" ಎಂದು ಮರ ನಕ್ಕಿತು.

"ಬೀಗು ಮಗನೇ, ಬೀಗು" ಎನ್ನುತ್ತ ಸಣ್ಣೀರವ್ವ ಬುಡದಲ್ಲೇ ಕುಸಿದಳು. ಬರಿಗೈಲಿ ಹೇಗೆ ಮನೆಗೆ ಹೋಗಲಿ? ಆಗ ಗಾಳಿ ಗುಡಿಸಲ ಕಡೆಯಿಂದ ಒಂದು ಸದ್ದು ಹೊತ್ತು ತಂದಿತು. ನೂಲಿನೆಳೆಯಷ್ಟು ಸಣ್ಣ ಸದ್ದು.

ಮರದ ನಗು ನಿಂತಿತು. "ಅದೇನಜ್ಜಿ?"

"ನನ್ನ ಮೊಮ್ಮಗಳು ಕಣಪ್ಪ. ಅಳುವುದಕ್ಕೂ ತ್ರಾಣವಿಲ್ಲ ಅದಕ್ಕೆ. ಸೊಪ್ಪು ಬೇಡವೆಂದವಳು ನಾನೇ."

ಮರ ಬಗ್ಗಲು ನೋಡಿತು. ಆಗಲಿಲ್ಲ. ಇನ್ನೊಮ್ಮೆ ನೋಡಿತು. ಆಗಲಿಲ್ಲ. ಹುಟ್ಟಿದಾಗಿನಿಂದ ಬಗ್ಗಿಯೇ ಗೊತ್ತಿಲ್ಲದ ಮರ, ಪಾಪ!

"ಗಾಳಿಯಣ್ಣಾ, ನನ್ನ ಗಟ್ಟಿತನವನ್ನೆಲ್ಲ ಊದಿಬಿಡು. ಒಂದು ಚೂರೂ ಉಳಿಸಬೇಡ."

"ಆಮೇಲೆ ಗುಬ್ಬಿ ಕೂತರೂ ಮುರಿದೀಯೆ, ತಮ್ಮಾ."

"ಮುರಿದರೆ ಮುರಿಯಲಿ. ಮಗು ಹಸಿದಿದೆ."

ಗಾಳಿ ಊದಿತು. ಲಟಕ್! ಕೊಂಬೆ ಅಜ್ಜಿಯ ಮಡಿಲಿಗೇ ಬಿತ್ತು.

ಬೆಳ್ಳುಳ್ಳಿ ಜಜ್ಜಿ ಹಾಕಿದ ಸೊಪ್ಪಿನ ಪಲ್ಯ, ಹೊತ್ತಿಗೊಂದು ಹಿಡಿ. ವಾರದಲ್ಲಿ ಮಾಳಿಯ ಮುಖಕ್ಕೆ ಕಳೆ ಬಂತು, ಎದೆಗೆ ಹಾಲು ಬಂತು. ಮಗು ಎಂಥ ಅಳು ಅತ್ತಿತೆಂದರೆ, ಮೂರು ಊರಿನ ಕೋಳಿಗಳು ಬೆಳಗಾಯಿತೆಂದು ಎದ್ದು ಕೂಗಿದವು.

ಸೊಪ್ಪು ಬಿಡಿಸಿದ ಬೋಳು ಕೊಂಬೆಯನ್ನು ಒಲೆಗಿಡಲು ಸಣ್ಣೀರವ್ವನಿಗೆ ಮನಸ್ಸಾಗಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ನೆಟ್ಟಳು. ಅದೂ ಚಿಗುರಿತು.

ಅದಕ್ಕೇ ಮಕ್ಕಳೇ, ನುಗ್ಗೆಮರ ಹತ್ತಬೇಡಿರೋ ಎಂದು ದೊಡ್ಡವರು ಗದರುವುದು. ಯಾವ ಅಜ್ಜಿ ಕೈಚಾಚಿದರೂ ಅದು ಇವತ್ತಿಗೂ ಲಟಕ್ಕನೆ ಕೊಂಬೆ ಕೊಟ್ಟುಬಿಡುತ್ತದೆ, ಕೊಟ್ಟ ಕೊಂಬೆ ನೆಟ್ಟಲ್ಲೇ ಚಿಗುರುತ್ತದೆ.