ಹಲ್ಲಿ ಕಟ್ಟಿದ ವೇಷ

ಪ್ರಾಣಿಗಳ ಕುಸ್ತಿಯಲ್ಲಿ ಪೈಲ್ವಾನರಿಗೆಲ್ಲ ಒಂದೊಂದು ವೇಷವಿತ್ತು ಕಣ್ರಪ್ಪಾ. ಹುಂಜದ್ದು ಕೆಂಪು ಜುಟ್ಟಿನ ಮಹಾರಾಜನ ವೇಷ. ಹಲ್ಲಿಯದು ಶಕುನದವಳ ವೇಷ, ಬರೀ ಲೊಚಗುಟ್ಟುವುದು.

"ಇದೂ ಒಂದು ವೇಷವೇನೇ? ಇವತ್ತು ಶಿಳ್ಳೆ ಬೀಳದಿದ್ದರೆ ನಾಳೆಯಿಂದ ಬರಬೇಡ," ಎಂದಿತು ಕುಸ್ತಿ ನಡೆಸುವ ಕೋತಿ.

ಹುಂಜ ಅಖಾಡಕ್ಕೆ ನೆಗೆದು, "ಲೇ ಹಲ್ಲೀ, ಒಂದೇ ಪಟ್ಟಿಗೆ ನಿನ್ನನ್ನು ಕೆಡವುತ್ತೇನೆ!" ಎಂದು ಕೂಗಿತು.

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಅಂತ ಎಲ್ಲರಿಗೂ ಗೊತ್ತಲ್ಲ! ಸೇರಿದವರೆಲ್ಲ ಕಿವಿಗೊಟ್ಟರು. ಹಲ್ಲಿ ಸುಮ್ಮನಿತ್ತು.

ಹುಂಜ ಅತ್ತಿತ್ತ ಸುತ್ತಿತು, ಮಣ್ಣು ಕೆದರಿತು, ಮತ್ತೆ ಕೂಗಿತು. ಹಲ್ಲಿ ಬಾಯಿ ಬಿಡಲಿಲ್ಲ.

"ಲೊಚಗುಟ್ಟೇ ಮಾರಾಯ್ತಿ! ನನಗೆ ಭಯವಾಗ್ತಿದೆ!" ಎಂದು ಅಂಗಲಾಚಿತು ಹುಂಜ.

"ಲೊಚ್ ಲೊಚ್," ಅಂದಿತು ಹಲ್ಲಿ.

ಮೊದಲ ಶಿಳ್ಳೆ ಹೊಡೆದದ್ದು ಕೋತಿಯೇ.