ಎಂಟನೆಯ ರಸ್ಕು

ಅಡುಗೆಮನೆಯ ಕುಕ್ಕರ್ ಕೂಗಿದಾಗಲೆಲ್ಲ ಕೆಂಚ ಎಂಬ ನಾಯಿ ಬೊಗಳುತ್ತಿತ್ತು. "ನೀನು ಹೀಗೆ ಬೊಗಳಿದರೆ ನನ್ನ ಕೂಗನ್ನು ಎಣಿಸುವುದು ಹೇಗೆ?" ಎಂದು ಕುಕ್ಕರ್ ಸಿಡುಕುತ್ತಿತ್ತು. ಎಣಿಕೆ ತಪ್ಪಿ ತಪ್ಪಿ ರೋಸಿಹೋದ ಮನೆಯೊಡತಿ ಸುಗುಣಮ್ಮ ನಾಯಿಗೆ ಪಾಠ ಶುರುಮಾಡಿದಳು. ಕುಕ್ಕರ್ ಕೂಗಿದಾಗ ಸುಮ್ಮನಿದ್ದರೆ ಒಂದು ರಸ್ಕು, ಬೊಗಳಿದರೆ ಲಟ್ಟಣಿಗೆಯಿಂದ ಒಂದೇಟು. ತಿಂಗಳೊಳಗೆ ಕೆಂಚ ಕಲಿತುಬಿಟ್ಟಿತು.

"ಈಗ ಮನೆ ಮನೆಯಂತಿದೆ," ಎಂದಿತು ಕುಕ್ಕರ್.

ಒಂದು ಬೆಳಿಗ್ಗೆ ಸುಗುಣಮ್ಮ ಬೇಳೆ ಬೇಯಲಿಟ್ಟು, ಎದುರುಮನೆಯ ಜಗಲಿಯಲ್ಲಿ ಮಾತಿಗೆ ಕೂತಳು. ಕುಕ್ಕರ್ ಮೂರು ಸಲ ಕೂಗಿತು, ಐದು ಸಲ ಕೂಗಿತು, ಏಳು ಸಲ ಕೂಗಿತು. ಯಾರೂ ಬರಲಿಲ್ಲ.

"ಕೆಂಚಾ, ನೀರು ಬತ್ತಿತು, ತಳ ಸುಡುತ್ತಿದೆ! ನನ್ನ ಕೂಗು ಬೀದಿ ದಾಟುವುದಿಲ್ಲ. ನೀನಾದರೂ ಬೊಗಳಪ್ಪ!"

"ಏಳು ಸಲ ಸುಮ್ಮನಿದ್ದೇನೆ. ಏಳು ರಸ್ಕು ಬರಬೇಕು," ಎಂದು ಕೆಂಚ ರಸ್ಕಿನ ಡಬ್ಬಿಯ ಮುಂದೆ ಕೂತಿತು.

ಸುಟ್ಟ ವಾಸನೆ ಮೂಗಿಗೆ ಬಡಿದು ಸುಗುಣಮ್ಮ ಓಡಿಬಂದಳು. ಕರಕಲಾದ ಬೇಳೆ ನೋಡಿ ಲಟ್ಟಣಿಗೆ ಎತ್ತಿಕೊಂಡಳು.

"ಬೇಡ ಅಂದಾಗ ಗಂಟಲು ಹರ್ಕೊಳ್ತಿದ್ದೆಯಲ್ಲ, ಇವತ್ತು ನಿನ್ನ ಬಾಯಿ ಬಿದ್ದುಹೋಗಿತ್ತಾ?"

ಏಟು ಬಿತ್ತು. ಕೆಂಚ ಆಗಲೂ ಬೊಗಳಲಿಲ್ಲ. ಎಂಟನೆಯ ರಸ್ಕಿಗಾಗಿ ಬಾಲ ಅಲ್ಲಾಡಿಸಿತು.