ಸೊಪ್ಪು ಮುಟ್ಟದ ಹುಳು

"ಗುರುಗಳೇ, ನಾಳೆಯಿಂದ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡಬೇಕು. ಪುಸ್ತಕ ನೋಡಿದರೆ ದಿಂಬಿನಷ್ಟು ದಪ್ಪವಿದೆ. ಅವರು ಏನನ್ನು ಕಲಿತರೆ ಕಲಿತಂತೆ?" ಎಂದು ವಾರಿಜ ಕೇಳಿದಳು. ಹೊಸ ಕೆಲಸದ ಭಯಕ್ಕೆ ಅವಳ ಮುಖ ಬಾಡಿತ್ತು.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ರೈತ ರಾಗಿ ಬೆಳೆಯುವುದನ್ನು ಬಿಟ್ಟು ಹೊಲದ ತುಂಬ ಹಿಪ್ಪುನೇರಳೆ ನೆಟ್ಟ. ರೇಷ್ಮೆ ಹುಳು ಸಾಕಲು ಹೊರಟ. ಮನೆಯ ಊಟ ಇನ್ನು ಆ ಹುಳುಗಳ ಮೇಲೆಯೇ ನಿಂತಿತ್ತು. ಸಾಕುವ ಬಗೆಯನ್ನು ಬಲ್ಲವರ ಬಳಿ ಕೇಳಿಕೊಂಡು ಬಂದಿದ್ದ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ರೋಗದ ಹುಳು ಸೊಪ್ಪು ಮುಟ್ಟುವುದಿಲ್ಲ, ರೋಗ ಬಂದರೆ ತಡಮಾಡದೆ ಹೂಳಬೇಕು ಎಂದು ಅರಳು ಹುರಿದಂತೆ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಕೇಳಿ ಕೇಳಿ ಅವನ ಹೆಂಡತಿಗೂ ಅದು ಬಾಯಿಗೆ ಬಂದಿತ್ತು.

ಒಂದು ಬೆಳಿಗ್ಗೆ ತಟ್ಟೆಗಳಲ್ಲಿ ಹುಳುಗಳೆಲ್ಲ ತಲೆ ಎತ್ತಿ ಕದಲದೆ ಕೂತಿದ್ದವು. ಹೊಸ ಸೊಪ್ಪು ಹಾಕಿದ. ಒಂದೂ ಮುಟ್ಟಲಿಲ್ಲ. ರೈತನ ಜೀವ ಬಾಯಿಗೆ ಬಂತು. ರೋಗವೇ ಸರಿ ಎಂದುಕೊಂಡು, ಕಣ್ಣೊರೆಸಿಕೊಳ್ಳುತ್ತಲೇ ಹಿತ್ತಲಲ್ಲಿ ಗುಂಡಿ ತೋಡಿದ. ಮೊದಲ ತಟ್ಟೆಯನ್ನು ಹೊತ್ತು ತಂದಾಗ ಹೆಂಡತಿ ಅಡ್ಡ ನಿಂತಳು.

"ಹೂಳೋದು ಇದ್ದೇ ಇದೆ. ಒಂದನ್ನಾದ್ರೂ ಕೈಗೆ ತಗೊಂಡು ನೋಡಿದ್ರಾ?"

"ನೋಡೋದೇನು ಬಂತು? ಸೊಪ್ಪು ಮುಟ್ತಿಲ್ಲ ಅಂದ್ಮೇಲೆ ಮುಗೀತು!"

ಬಾಯಿ ಹಾಗೆಂದರೂ ತಟ್ಟೆ ಬಗ್ಗಿಸಲು ಅವನ ಕೈ ಒಪ್ಪಲಿಲ್ಲ. ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದ. ಮೈ ಮೆತ್ತಗಾಗಿರಲಿಲ್ಲ, ನಾತವೂ ಇರಲಿಲ್ಲ. ಇನ್ನೂ ಹತ್ತಿರ ಹಿಡಿದ. ನೋಡುತ್ತಿದ್ದಂತೆ ತಲೆಯ ಹಿಂದೆ ಚರ್ಮ ಬಿರಿಯಿತು. ಹುಳು ಹಳೆಯ ಚರ್ಮವನ್ನು ಹಿಂದಕ್ಕೆ ಬಿಟ್ಟು ಮೆಲ್ಲಗೆ ಮುಂದೆ ಬಂತು. ಪೊರೆ ಬಿಡುವ ಹೊತ್ತೆಂದು ಅವು ಮೇವು ಬಿಟ್ಟಿದ್ದವು, ಅಷ್ಟೇ.

ರೈತ ತೋಡಿದ ಮಣ್ಣಿನ ಮೇಲೆಯೇ ಕುಸಿದು ಕೂತ. ನಗು ಬಂತು, ಜೊತೆಗೆ ಅಳುವೂ ಬಂತು. ಹೋದ ಜೀವ ಮರಳಿ ಬಂದಂತಾಯಿತು. ಸಂಜೆಯ ಹೊತ್ತಿಗೆ ಹುಳುಗಳು ಸೊಪ್ಪಿಗೆ ಮುತ್ತಿಕೊಂಡಿದ್ದವು. ತೋಡಿದ್ದು ದಂಡವಾಗಬಾರದೆಂದು ಹೆಂಡತಿ ಆ ಗುಂಡಿಯಲ್ಲಿ ನುಗ್ಗೆಯ ಕೊಂಬೆ ನೆಟ್ಟಳು.

ಹುಳುಗಳು ಬದುಕಿಕೊಂಡವೆಂದು ವಾರಿಜಳಿಗೂ ಹಾಯೆನಿಸಿತು. ಆದರೂ ಕೇಳಿದಳು: "ಪೊರೆ ಬಿಡುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತಲ್ಲ, ಗುರುಗಳೇ?"

"ಗೊತ್ತಿದ್ದದ್ದೇ ಕಣ್ಣೆದುರು ಬಂದು ಕೂತಾಗ ಅದಕ್ಕೆ ಗುಂಡಿ ತೋಡದಷ್ಟು ಕಲಿಸು ತಾಯಿ, ಮೊದಲ ವರ್ಷಕ್ಕೆ ಅಷ್ಟು ಸಾಕು."